ತೊಂಬತ್ತು ಡಿಗ್ರಿಯ ಮನೆ

ನನ್ನ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಹತ್ತು ದಿನ ಇರುವಾಗಲೇ ನಮ್ಮವರು ಅಳತೆಯ ಟೇಪು ಹಿಡಿದು ಮನೆಯೆಲ್ಲ ಸುತ್ತಿದರು. ನಾನು ಗೋಡೆಗೆ ಒರಗಿ ನಿಂತು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ನೆಲದಿಂದ ನನ್ನ ಮಂಡಿಯ ಹಿಂಭಾಗಕ್ಕೆ 17 ಅಂಗುಲ, ಕೂರುವ ಜಾಗ ಅದಕ್ಕಿಂತ ತಗ್ಗಿರಬಾರದು. ಸೋಫಾ 15, ಕುಳಿತಾಗ ಕುಸಿದು 12. ಕಮೋಡ್ 15. ಮಂಚ 19. ಊಟದ ಮೇಜಿನ ಕುರ್ಚಿ 18, ಆದರೆ ಅದಕ್ಕೆ ತೋಳುಗಳಿಲ್ಲ. ವಾಕರಿನ ಅಗಲ 24, ಬಚ್ಚಲಿನ ಬಾಗಿಲು 26. ಆ ಎರಡು ಅಂಗುಲದ ಅಂತರ ನೋಡಿ ಇಬ್ಬರೂ ನಿಟ್ಟುಸಿರು ಬಿಟ್ಟೆವು.

ನನಗೆ ಈಗ 63. ಪ್ರೌಢಶಾಲೆಯಲ್ಲಿ 29 ವರ್ಷ ಗಣಿತ ಕಲಿಸಿದವಳು. ಬಲಗಡೆಯ ಸೊಂಟದ ಕೀಲಿನ ಮೃದ್ವಸ್ಥಿ ಪೂರ್ತಿ ಸವೆದು ಮೂಳೆಗೆ ಮೂಳೆ ಉಜ್ಜುತ್ತಿತ್ತು. ಕೊನೆಯ ವರ್ಷವಂತೂ ಮಗ್ಗುಲು ಬದಲಿಸಲು ಹೋಗಿ ಎಚ್ಚರವಾಗದ ಒಂದು ರಾತ್ರಿಯೂ ಇರಲಿಲ್ಲ. ಕೀಲನ್ನು ಬದಲಿಸಲು ಒಪ್ಪಿದ ಮೇಲೆ ನಾನು ಓದಿದ್ದೆಲ್ಲ ಶಸ್ತ್ರಚಿಕಿತ್ಸೆಯ ಬಗ್ಗೆ. ಅದು ಎರಡು ಗಂಟೆಯೊಳಗೆ ಮುಗಿದುಹೋಯಿತು, ಅದೂ ನನ್ನ ಅರಿವಿಗೆ ಬಾರದಂತೆ. ಆ ಬಳಿಕ ಮನೆಯಲ್ಲಿ ಕಳೆದ ಆರು ವಾರಗಳ ಬಗ್ಗೆ ನಾನು ಏನೂ ಓದಿರಲಿಲ್ಲ. ಈ ಬರಹ ಆ ಆರು ವಾರಗಳದ್ದು.

ನಾಲ್ಕನೆಯ ದಿನ ಮನೆಗೆ ಬಂದೆ. ಬರುವ ಮುನ್ನ ಫಿಸಿಯೋಥೆರಪಿಸ್ಟ್ ಹುಡುಗಿ ಮಂಚದ ಪಕ್ಕ ನಿಂತು ಮೂರು ನಿಯಮಗಳನ್ನು ನನ್ನಿಂದಲೇ ಹೇಳಿಸಿದಳು. ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಬಾರದು. ಬಲಗಾಲು ದೇಹದ ನಡುಗೆರೆಯನ್ನು ದಾಟಿ ಎಡಕ್ಕೆ ಹೋಗಬಾರದು. ಬಲಗಾಲಿನ ಬೆರಳುಗಳು ಒಳಮುಖವಾಗಿ ತಿರುಗಬಾರದು. ನನ್ನ ಕೀಲನ್ನು ಹಿಂಭಾಗದಿಂದ ತೆರೆದಿದ್ದರು, ಆದ್ದರಿಂದ ಈ ಮೂರು. ಮುಂಭಾಗದಿಂದ ತೆರೆದವರಿಗೆ ನಿಯಮಗಳು ಬೇರೆ. ಅವರಿಗೆ ಕಾಲನ್ನು ಹಿಂದಕ್ಕೆ ಚಾಚುವುದು, ಹೊರಕ್ಕೆ ತಿರುಗಿಸುವುದೇ ಅಪಾಯ. ಹಾಗಾಗಿ ಬೇರೆ ಯಾರದೋ ನಿಯಮವನ್ನು ಕೇಳಿ ಪಾಲಿಸಬೇಡಿ. ನಿಮ್ಮದು ಯಾವುದೆಂದು ನಿಮ್ಮ ವೈದ್ಯರನ್ನೇ ಕೇಳಿ, ಬರೆಸಿಕೊಂಡೇ ಬನ್ನಿ.

ತೊಂಬತ್ತು ಡಿಗ್ರಿ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ. ಮನೆಗೆ ಬಂದ ಮೂರನೆಯ ದಿನವೇ ಅದು ತಪ್ಪೆಂದು ತಿಳಿಯಿತು. ತೋಳುಗಳಿರುವ ಎತ್ತರದ ಕುರ್ಚಿಯಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಮಾತ್ರೆಯ ಸಮಯ ಬರೆಯುತ್ತಿದ್ದೆ. ಪೆನ್ನು ಜಾರಿ ಪಾದದ ಹತ್ತಿರ ಬಿತ್ತು. ಕಾಲನ್ನು ಅಲುಗಿಸಲಿಲ್ಲ, ಸುಮ್ಮನೆ ಎದೆಯನ್ನು ಮುಂದಕ್ಕೆ ಬಾಗಿಸಿ ಕೈ ಚಾಚಿದೆ. ಅಡುಗೆಮನೆಯ ಬಾಗಿಲಲ್ಲಿದ್ದ ನಮ್ಮವರು ಕೂಗಿದ ಕೂಗಿಗೆ ಕೈ ಅಲ್ಲೇ ನಿಂತಿತು. ಅವರು ಓಡಿಬಂದು ನನ್ನ ಭುಜವನ್ನು ಹಿಂದಕ್ಕೆ ಒತ್ತಿ ಹಿಡಿದರು. ಅವರ ಕೈ ನಡುಗುತ್ತಿತ್ತು.

ಕೋನಕ್ಕೆ ಎರಡು ಬಾಹುಗಳು. ಮಂಡಿಯನ್ನು ಎದೆಯತ್ತ ತಂದರೂ, ಎದೆಯನ್ನು ಮಂಡಿಯತ್ತ ತಂದರೂ ಕೋನ ಕಿರಿದಾಗುವುದು ಒಂದೇ. ಇದನ್ನು ನಾನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ! ಆದರೆ ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ಕಾಲೊಂದೇ. ತಿರುಗುವಾಗಲೂ ಇದೇ ಲೆಕ್ಕ. ಬಲ ಪಾದವನ್ನು ನೆಲಕ್ಕೆ ಊರಿಕೊಂಡು ನಿಂತಿದ್ದೀರಿ, ಬಲಗಡೆಯಿಂದ ಯಾರೋ ಕರೆದರು, ಪಾದ ಎತ್ತದೆ ದೇಹವನ್ನಷ್ಟೇ ಆ ಕಡೆ ತಿರುಗಿಸಿದಿರಿ ಎಂದುಕೊಳ್ಳಿ. ಪಾದ ಅಲುಗಿಲ್ಲ, ನಿಯಮ ಮುರಿದಿಲ್ಲ ಎಂದೇ ಅನ್ನಿಸುತ್ತದೆ. ಆದರೆ ಕೀಲಿನೊಳಗೆ ನೋಡಿದರೆ ಕಾಲು ಒಳಮುಖವಾಗಿ ತಿರುಗಿದೆ. ಇದನ್ನು ಕಾಗದದ ಮೇಲೆ ಚಿತ್ರ ಬಿಡಿಸಿ ಮನೆಯವರಿಗೆ ತೋರಿಸಿದೆ. ಅಂದಿನಿಂದ ನನ್ನನ್ನು ಮಾತನಾಡಿಸುವವರು ಎದುರಿಗೇ ಬಂದು ಮಾತನಾಡಬೇಕು, ಬೆನ್ನ ಹಿಂದಿನಿಂದಲೋ ಪಕ್ಕದಿಂದಲೋ ಕೂಗಬಾರದು ಎಂದು ತೀರ್ಮಾನವಾಯಿತು. ಮಗಳು ಫೋನಿನಲ್ಲಿ ಪ್ರತಿದಿನ, "ಅಪ್ಪ ಎದುರಿಗೇ ಬರುತ್ತಿದ್ದಾರಾ ಅಮ್ಮಾ?" ಎಂದು ವಿಚಾರಿಸುತ್ತಿದ್ದಳು.

ಇಷ್ಟು ಭಯ ಏಕೆ ಎಂದು ಕೇಳಬಹುದು. ಒಳಗೆ ಇರುವುದು ಒಂದು ಗುಂಡು ಮತ್ತು ಒಂದು ಬಟ್ಟಲು. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1960ರ ದಶಕದ ಆರಂಭದಲ್ಲಿ ಈ ಶಸ್ತ್ರಚಿಕಿತ್ಸೆಗೆ ಇಂದಿನ ರೂಪ ಕೊಟ್ಟಾಗ ಅವರು ಬಳಸಿದ ಲೋಹದ ಗುಂಡಿನ ವ್ಯಾಸ ಸುಮಾರು 22 ಮಿಲಿಮೀಟರ್. ಗುಂಡು ಚಿಕ್ಕದಾದರೆ ಘರ್ಷಣೆಯ ತಿರುಚು ಕಡಿಮೆ ಎಂಬುದು ಅವರ ಲೆಕ್ಕ. ನನ್ನೊಳಗೆ ಇರುವುದು 32 ಮಿಲಿಮೀಟರಿನದು. ದೊಡ್ಡ ಗುಂಡು ಬಟ್ಟಲಿನ ಅಂಚು ದಾಟಿ ಹೊರಬರಬೇಕಾದರೆ ಹೆಚ್ಚು ದೂರ ಸರಿಯಬೇಕು, ಆದ್ದರಿಂದ ಜಾರುವುದು ಕಷ್ಟ. ಆದರೂ ಗುಂಡನ್ನು ಬಟ್ಟಲಿನಲ್ಲಿ ಹಿಡಿದಿಡುವುದು ಲೋಹವಲ್ಲ. ಸುತ್ತಲಿನ ಸ್ನಾಯು ಮತ್ತು ಕೀಲನ್ನು ಸುತ್ತುವರಿದ ಚೀಲದಂಥ ಪೊರೆ. ಅವುಗಳನ್ನೇ ಕತ್ತರಿಸಿ ಒಳಗೆ ಹೋಗಿರುತ್ತಾರೆ, ಹೊಲಿದು ಹೊರಬಂದಿರುತ್ತಾರೆ. ಅವು ಕೂಡಿಕೊಳ್ಳಲು ವಾರಗಳು ಬೇಕು. ಇದು ಅರ್ಥವಾದ ದಿನದಿಂದ ನಿಯಮಗಳು ನನಗೆ ಹೊರೆ ಎನ್ನಿಸಲಿಲ್ಲ. ಒಳಗೊಂದು ಗಾಯ ತನ್ನ ಕೆಲಸ ಮಾಡುತ್ತಿದೆ, ನಾನು ಅದಕ್ಕೆ ಅಡ್ಡಿ ಮಾಡಬಾರದು, ಅಷ್ಟೇ.

ರಾತ್ರಿಗಳು ಕಷ್ಟವಾಗಿದ್ದವು. ಹುಟ್ಟಿದಾಗಿನಿಂದ ಮಗ್ಗುಲಾಗಿ ಮಲಗಿದವಳು ನಾನು. ಈಗ ಅಂಗಾತ ಮಲಗಬೇಕು, ಕಾಲುಗಳ ನಡುವೆ ದಪ್ಪ ದಿಂಬು. ನಿದ್ದೆಯಲ್ಲಿ ಕಾಲು ಕಾಲಿನ ಮೇಲೆ ಬಂದುಬಿಟ್ಟರೆ ಎಂಬ ಭಯಕ್ಕೇ ನಿದ್ದೆ ಹತ್ತುತ್ತಿರಲಿಲ್ಲ. ನಡುರಾತ್ರಿ ಕಳೆದು ಮೂರು ಗಂಟೆಗೆ ಶೌಚಾಲಯಕ್ಕೆ ಹೋಗಬೇಕು. ಮೊಣಕೈ ಊರಿ ಪೃಷ್ಠವನ್ನು ಅಂಚಿಗೆ ಸರಿಸಿ, ಎರಡೂ ಕಾಲುಗಳನ್ನು ಒಟ್ಟಿಗೆ ಇಳಿಸಿ, ಮುಂದಕ್ಕೆ ಬಾಗದೆ ಕುಳಿತು, ಬಲಗಾಲನ್ನು ಮುಂದೆ ಚಾಚಿ, ವಾಕರನ್ನು ಎಳೆಯದೆ ಹಾಸಿಗೆಯನ್ನೇ ಕೈಯಿಂದ ಒತ್ತಿ ಏಳಬೇಕು. ಅಲ್ಲಿಂದ ಹದಿನಾಲ್ಕು ಹೆಜ್ಜೆ. ವಾಕರ್, ಬಲಗಾಲು, ಎಡಗಾಲು. ನಮ್ಮವರು ಪಕ್ಕದ ಮಂಚದಿಂದ ಎದ್ದು ದೀಪ ಹಾಕಿ, ಒಂದು ಮಾತೂ ಆಡದೆ ಹಿಂದೆಯೇ ನಡೆಯುತ್ತಿದ್ದರು. ಆಸ್ಪತ್ರೆಯಿಂದ ಬರುವ ಮೊದಲೇ ಅವರು ನೆಲಹಾಸುಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿದ್ದರು, ವಿದ್ಯುತ್ ತಂತಿಗಳನ್ನು ಗೋಡೆಯಂಚಿಗೆ ಅಂಟಿಸಿದ್ದರು. ಕಮೋಡಿನ ಮೇಲೆ ನಾಲ್ಕು ಅಂಗುಲ ಎತ್ತರಿಸುವ ಸೀಟು ಬಂದು ಕುಳಿತಿತ್ತು, ಪಕ್ಕದ ಗೋಡೆಗೆ ಹಿಡಿಕೆ. ಶಸ್ತ್ರಚಿಕಿತ್ಸೆಗೆ ಮೊದಲು ಮಾಡಿಸಬಹುದಾದ ಕೆಲಸಗಳಲ್ಲಿ ಈ ಎರಡಕ್ಕಿಂತ ದೊಡ್ಡದು ಬೇರೆ ಇಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಕಾಲುಚೀಲದ ವಿಷಯ ಹೇಳಬೇಕು.

ಶಸ್ತ್ರಚಿಕಿತ್ಸೆಯ ನಂತರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುತ್ತದೆ. ಅದಕ್ಕಾಗಿ ನನಗೆ 35 ದಿನಗಳ ಮಾತ್ರೆ ಬರೆದುಕೊಟ್ಟಿದ್ದರು, ಜೊತೆಗೆ ಬಿಗಿಯಾದ ಉದ್ದದ ಕಾಲುಚೀಲ. ಅದನ್ನು ಬೆಳಿಗ್ಗೆ ತೆಗೆದು, ಚರ್ಮ ನೋಡಿ, ಒರೆಸಿ, ಮತ್ತೆ ಹಾಕಬೇಕು. ನನ್ನ ಕೈ ಮಂಡಿಯ ಕೆಳಗೆ ಹೋಗುವಂತಿಲ್ಲ. ಮೊದಲ ಬೆಳಿಗ್ಗೆ ನಮ್ಮವರು ನೆಲದ ಮೇಲೆ ಮಂಡಿಯೂರಿ ಕುಳಿತು, ನನ್ನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಾಗ ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ಮದುವೆಯಾಗಿ 38 ವರ್ಷಗಳಲ್ಲಿ ಅವರು ನನ್ನ ಪಾದ ಮುಟ್ಟಿದವರಲ್ಲ, ನಾನು ಮುಟ್ಟಿಸಿಕೊಂಡವಳೂ ಅಲ್ಲ. ಅವರು ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬೆರಳುಗಳ ಸಂದುಗಳನ್ನು ಒರೆಸಿದರು, ಒಣಗಿಸಿದರು, ಹಿಮ್ಮಡಿಯಲ್ಲಿ ಒತ್ತಿದ ಗುರುತು ಇದೆಯೇ ಎಂದು ಕನ್ನಡಕ ಏರಿಸಿ ನೋಡಿದರು. ಆಮೇಲೆ ಕಾಲುಚೀಲವನ್ನು ಒಳಹೊರಗು ಮಾಡಿ ಹಿಮ್ಮಡಿಯವರೆಗೆ ಹಾಕಿ, ಸುಕ್ಕು ಬೀಳದಂತೆ ಇಷ್ಟಿಷ್ಟೇ ಮೇಲಕ್ಕೆ ಎಳೆದರು. ಪೂರ್ತಿ ಇಪ್ಪತ್ತು ನಿಮಿಷ ಬೇಕಾಯಿತು. "ಬಿಗಿಯಾಯಿತೇ?" ಎಂದು ಕೇಳಿದರು. ನನಗೆ ಉತ್ತರಿಸಲು ಆಗಲಿಲ್ಲ. ನೋವಾಯಿತೇನೋ ಎಂದು ಅವರು ಗಾಬರಿಯಾದರು. ನೋವಾಗಿರಲಿಲ್ಲ.

ಮೊದಲ ವಾರವಿಡೀ ನನಗೆ ಆ ಇಪ್ಪತ್ತು ನಿಮಿಷಗಳೇ ಗಾಯದ ನೋವಿಗಿಂತ ಭಾರವಾಗಿದ್ದವು. ಇತರರಿಗೆ ಕೈಯಾಸರೆಯಾಗಿ ಬದುಕಿದವರಿಗೆ ಬೇರೆಯವರ ಕೈಯಾಸರೆ ತೆಗೆದುಕೊಳ್ಳುವುದು ಬರುವುದಿಲ್ಲ. ಅದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ನಾನು ಮುಖ ತಿರುಗಿಸದೆ ಅವರ ಕೈಗಳನ್ನೇ ನೋಡುತ್ತಾ ಕುಳಿತೆ. ಅವರು ಆಗಲೇ ಆ ಕೆಲಸದಲ್ಲಿ ಪಳಗಿದ್ದರು.

ಆರನೆಯ ದಿನ ಕಾಲು ಊದಿಕೊಂಡು ಮರದ ದಿಮ್ಮಿಯಂತಾಯಿತು. ತೊಡೆಯ ಹಿಂಭಾಗದಲ್ಲಿ ಇದ್ದ ನೇರಳೆ ಬಣ್ಣದ ಕಲೆ ಮಂಡಿಗೆ ಇಳಿಯಿತು, ಎರಡು ದಿನಗಳಲ್ಲಿ ಪಾದದ ಗಂಟಿನವರೆಗೆ ಬಂತು. ಮೀನಖಂಡ ಒತ್ತಿದರೆ ನೋವು. ಕೂಡಲೇ ಫೋನ್ ಮಾಡಿದೆವು, ಬರಹೇಳಿದರು, ಸ್ಕ್ಯಾನ್ ಮಾಡಿದರು. ರಕ್ತ ಹೆಪ್ಪುಗಟ್ಟಿರಲಿಲ್ಲ. ಶಸ್ತ್ರಚಿಕಿತ್ಸೆಯ ಜಾಗದಲ್ಲಿ ಒಸರಿದ ರಕ್ತ ಗುರುತ್ವಾಕರ್ಷಣೆಗೆ ಕೆಳಗಿಳಿಯುತ್ತಿತ್ತು, ಅಷ್ಟೇ. ಮನೆಗೆ ಬಂದ ಮೇಲೆ ಊತ ಹೆಚ್ಚುವುದು ಸಾಮಾನ್ಯವಂತೆ, ಏಕೆಂದರೆ ಮನೆಯಲ್ಲಿ ನಾವು ಹೆಚ್ಚು ಹೊತ್ತು ಕಾಲು ಇಳಿಬಿಟ್ಟು ಕೂರುತ್ತೇವೆ, ಹೆಚ್ಚು ಓಡಾಡುತ್ತೇವೆ. ಮುಕ್ಕಾಲು ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರದಿರುವುದು, ಮಲಗಿದಾಗ ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡುವುದು, ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕನ್ನು ಹದಿನೈದು ಇಪ್ಪತ್ತು ನಿಮಿಷ ಇಡುವುದು, ಇಷ್ಟರಿಂದಲೇ ವಾರದೊಳಗೆ ಊತ ಇಳಿಯತೊಡಗಿತು. ಆದರೆ ಅಂದು ಫೋನ್ ಮಾಡಿದ್ದು ಸರಿಯಾಗಿಯೇ ಇತ್ತು. ಅದು ಬರಿಯ ಊತವೋ ಹೆಪ್ಪೋ ಎಂದು ಮನೆಯಲ್ಲಿ ಕುಳಿತು ನಿರ್ಧರಿಸಲು ಆಗುವುದಿಲ್ಲ. ನಮ್ಮವರು ಒಂದು ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು: ಮೀನಖಂಡದಲ್ಲಿ ನೋವು, ಬಿಸಿ, ಕೆಂಪು, ಗಾಯದಿಂದ ಕೀವು ಅಥವಾ ನಿಲ್ಲದ ಒಸರು, ಜ್ವರ, ಇದ್ದಕ್ಕಿದ್ದಂತೆ ಸೊಂಟದಲ್ಲಿ ತೀವ್ರ ನೋವು ಬಂದು ಕಾಲು ಗಿಡ್ಡವಾದಂತೆ ಕಾಣುವುದು. ಇವುಗಳಿಗೆ ಫೋನ್. ಎದೆನೋವು, ಉಸಿರಾಟದ ಕಷ್ಟಕ್ಕೆ ನೇರವಾಗಿ ಆಂಬುಲೆನ್ಸ್.

ನೋವುನಿವಾರಕಗಳಿಂದ ಮಲಬದ್ಧತೆಯಾಗುತ್ತದೆ, ಅದನ್ನು ಮೊದಲೇ ಕೇಳಿ ಔಷಧ ಬರೆಸಿಕೊಳ್ಳಿ. ಎತ್ತರದ ಸೀಟಿನ ಮೇಲೆ ಕುಳಿತು ತಿಣುಕುವ ಕಷ್ಟ ಯಾರಿಗೂ ಬೇಡ.

ವ್ಯಾಯಾಮಗಳು ನೋಡಲು ತೀರಾ ಚಿಕ್ಕವು. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಎಚ್ಚರವಿದ್ದ ಪ್ರತಿ ಗಂಟೆಗೊಮ್ಮೆ ಹತ್ತು ಸಲ. ತೊಡೆಯ ಸ್ನಾಯುವನ್ನು ಬಿಗಿಹಿಡಿದು ಐದು ಎಣಿಸಿ ಬಿಡುವುದು. ಹಾಸಿಗೆಯ ಮೇಲೆ ಹಿಮ್ಮಡಿಯನ್ನು ಎಳೆದು ಮಂಡಿ ಮಡಚುವುದು. ಹಿಮ್ಮಡಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟರೆ ಸುಲಭವಾಗಿ ಜಾರುತ್ತದೆ. ಇವೆಲ್ಲ ಒಂದು ವಾರದಲ್ಲಿ ಹಿಡಿತಕ್ಕೆ ಬಂದವು. ಬಾರದೇ ಹೋದದ್ದು ಕಾಲನ್ನು ಪಕ್ಕಕ್ಕೆ ಸರಿಸುವ ವ್ಯಾಯಾಮ. ಮಲಗಿದ್ದ ಹಾಗೇ ಬಲಗಾಲನ್ನು ಹೊರಕ್ಕೆ ಸರಿಸಬೇಕು, ಎತ್ತುವುದೂ ಬೇಡ. ಮೊದಲ ದಿನ ಅದು ಅಲುಗಲೇ ಇಲ್ಲ. ನಾನು ಮನಸ್ಸಿನಲ್ಲಿ ಆಜ್ಞೆ ಮಾಡುತ್ತಿದ್ದೇನೆ, ಕಾಲು ಕೇಳುತ್ತಿಲ್ಲ. ನನ್ನ ದೇಹದ ಒಂದು ಭಾಗಕ್ಕೆ ನನ್ನ ಮಾತು ತಲುಪುತ್ತಿಲ್ಲ ಎಂಬ ಆ ಅನುಭವವನ್ನು ಹೇಗೆ ಹೇಳಲಿ? ಆ ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತೆ. ಶಸ್ತ್ರಚಿಕಿತ್ಸೆಯ ನಂತರ ಮನಸ್ಸು ಹೀಗೆ ಕುಸಿಯುವುದು ಹಲವರಿಗೆ ಆಗುತ್ತದೆ ಎಂದು ಫಿಸಿಯೋಥೆರಪಿಸ್ಟ್ ಆಮೇಲೆ ಹೇಳಿದಳು. ಮೊದಲೇ ಹೇಳಿದ್ದರೆ ಅಳು ನಿಲ್ಲುತ್ತಿರಲಿಲ್ಲ, ಹೆದರಿಕೆಯಾದರೂ ಕಡಿಮೆಯಾಗುತ್ತಿತ್ತು.

ಹನ್ನೆರಡನೆಯ ದಿನ ಗಾಯದ ಪಿನ್ನುಗಳನ್ನು ತೆಗೆದರು. ಅದೇ ದಿನ ಬೆಳಿಗ್ಗೆ ಕಾಲು ಪಕ್ಕಕ್ಕೆ ಎರಡು ಅಂಗುಲ ಸರಿದಿತ್ತು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಆ ಖುಷಿಯಲ್ಲಿ ಮಾಡಿದ ತಪ್ಪನ್ನೂ ಹೇಳುತ್ತೇನೆ, ಏಕೆಂದರೆ ಇದನ್ನು ಎಲ್ಲರೂ ಮಾಡುತ್ತಾರಂತೆ. ನೋವು ಕಡಿಮೆ ಇತ್ತು, ಹಜಾರದಲ್ಲಿ ದಿನಕ್ಕೆ ಐದು ಸುತ್ತಿನ ಬದಲು ಹನ್ನೊಂದು ಸುತ್ತು ನಡೆದೆ. ಅಡುಗೆಮನೆಯ ಕಟ್ಟೆಯ ಮುಂದೆ ಅರ್ಧ ಗಂಟೆ ನಿಂತೆ. ಅಂದು ಏನೂ ಆಗಲಿಲ್ಲ. ಮಾರನೆಯ ಬೆಳಿಗ್ಗೆ ತೊಡೆಸಂದಿನಿಂದ ಮಂಡಿಯವರೆಗೆ ಸೆಳೆತ, ಮಂಚದಿಂದ ಏಳಲೂ ಆಗಲಿಲ್ಲ. ಮೂರು ದಿನ ಹಿಂದಕ್ಕೆ ಹೋದಂತಾಯಿತು. ಫಿಸಿಯೋಥೆರಪಿಸ್ಟ್ ಬೈಯಲಿಲ್ಲ. "ಅಮ್ಮಾ, ಇವತ್ತಿನ ಕೆಲಸಕ್ಕೆ ಇವತ್ತಿನ ನೋವು ಅಳತೆಯಲ್ಲ, ನಾಳೆ ಬೆಳಗಿನ ನೋವು ಅಳತೆ. ಅದು ಹೆಚ್ಚಾಗಿದ್ದರೆ ಅರ್ಧಕ್ಕೆ ಇಳಿಸಿ, ಹೆಚ್ಚಾಗದಿದ್ದರೆ ಒಂದು ಸುತ್ತು ಸೇರಿಸಿ" ಎಂದಳು. ಆ ದಿನದಿಂದ ಎರಡು ಕಂಬಸಾಲು ಹಾಕಿದೆ: ಒಂದರಲ್ಲಿ ಸುತ್ತುಗಳು, ಇನ್ನೊಂದರಲ್ಲಿ ಮರುದಿನ ಬೆಳಗಿನ ನೋವು, ಹತ್ತರಲ್ಲಿ ಎಷ್ಟು ಎಂದು. ನಾಲ್ಕನೆಯ ವಾರದ ಹೊತ್ತಿಗೆ ಮೊದಲ ಸಾಲು ಏರುತ್ತಿತ್ತು, ಎರಡನೆಯದು ಎರಡು, ಮೂರರ ಆಚೆ ಹೋಗುತ್ತಿರಲಿಲ್ಲ.

ಮನೆಯ ಮುಂದೆ ಮೂರು ಮೆಟ್ಟಿಲುಗಳಿವೆ. ಹತ್ತುವಾಗ ಗಟ್ಟಿಯಾದ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಎರಡೂ ಸಲ ದೇಹವನ್ನು ಎತ್ತುವ, ಇಳಿಸುವ ಶ್ರಮ ಎಡಗಾಲಿಗೇ ಬೀಳುತ್ತದೆ ಎಂಬುದನ್ನು ಒಂದು ಸಲ ಯೋಚಿಸಿದರೆ ಮರೆಯುವುದಿಲ್ಲ. ನಮ್ಮವರು ಎರಡೂ ಸಲ ನನಗಿಂತ ಕೆಳಗಿನ ಮೆಟ್ಟಿಲಲ್ಲೇ ನಿಲ್ಲುತ್ತಿದ್ದರು.

ಐದನೆಯ ವಾರ ವಾಕರಿನಿಂದ ಕೋಲಿಗೆ ಬಂದೆ. ಕೋಲನ್ನು ಎಡಗೈಯಲ್ಲಿ ಹಿಡಿಯಬೇಕು ಎಂದಾಗ ನಮ್ಮವರಿಗೆ ಆಶ್ಚರ್ಯ. ನೋವಿರುವ ಕಡೆಗಲ್ಲವೇ ಆಸರೆ ಬೇಕಾದದ್ದು? ಮತ್ತೆ ಚಿತ್ರ ಬಿಡಿಸಿದೆ. ಬಲಗಾಲಿನ ಮೇಲೆ ನಿಂತಾಗ ದೇಹ ಒಂದು ಏತದಂತೆ. ಸೊಂಟದ ಕೀಲು ಅದರ ಆಧಾರ. ದೇಹದ ಭಾರ ಕೀಲಿನಿಂದ ದೂರದಲ್ಲಿ ಎಡಗಡೆಗೆ ಎಳೆಯುತ್ತದೆ. ಸೊಂಟದ ಹೊರಬದಿಯ ಸ್ನಾಯು ಕೀಲಿನ ತೀರಾ ಹತ್ತಿರದಲ್ಲಿ ನಿಂತು ಅದನ್ನು ಬಲಕ್ಕೆ ಎಳೆದು ಹಿಡಿಯಬೇಕು. ಏತದ ಆ ಕಡೆಯ ತೋಳು ಗಿಡ್ಡ, ಆದ್ದರಿಂದ ಬಲ ಹೆಚ್ಚು ಬೇಕು. ಈ ಎರಡು ಎಳೆತಗಳೂ ಸೇರಿ ನಡೆಯುವಾಗ ಕೀಲಿನ ಮೇಲೆ ದೇಹತೂಕದ ಎರಡು ಪಟ್ಟಿಗಿಂತ ಹೆಚ್ಚು ಭಾರ ಬೀಳುತ್ತದೆ. ಎಡಗೈಯ ಕೋಲು ದೂರದಿಂದ ಒತ್ತುವುದರಿಂದ ಸ್ವಲ್ಪ ಒತ್ತಿದರೂ ಆ ಸ್ನಾಯುವಿನ ದುಡಿಮೆ ಬಹಳ ಇಳಿಯುತ್ತದೆ. ನನ್ನಲ್ಲಿ ದುರ್ಬಲವಾಗಿದ್ದದ್ದು ಅದೇ ಸ್ನಾಯು, ಮೊದಲ ದಿನ ನನ್ನ ಮಾತು ಕೇಳದಿದ್ದದ್ದೂ ಅದೇ. ಅದಕ್ಕೆ ಬಲ ಬರುವ ಮೊದಲೇ ಕೋಲು ಬಿಟ್ಟರೆ ಪ್ರತಿ ಹೆಜ್ಜೆಗೂ ದೇಹ ಓಲಾಡುತ್ತದೆ, ಆ ಓಲಾಟ ಅಭ್ಯಾಸವಾಗಿ ಉಳಿದುಬಿಡಬಹುದು. ಆದ್ದರಿಂದ ಕೋಲು ಬಿಡಲು ಅವಸರ ಮಾಡಬೇಡಿ ಎಂದು ನನ್ನ ವಯಸ್ಸಿನವರಿಗೆಲ್ಲ ಕೈಮುಗಿದು ಹೇಳುತ್ತೇನೆ.

ಬಲಗಾಲು ಉದ್ದವಾದಂತೆ ಅನ್ನಿಸುತ್ತಿತ್ತು. ಅಳೆದು ನೋಡಿದರು, ಎರಡೂ ಸಮ. ವರ್ಷಗಟ್ಟಲೆ ಬಿಗಿದುಕೊಂಡಿದ್ದ ಸ್ನಾಯುಗಳು ಸಡಿಲವಾಗುವವರೆಗೆ ಹಾಗೆ ಅನ್ನಿಸುವುದುಂಟು. ಈಗ ಅದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ.

ಆರು ವಾರಕ್ಕೆ ಎಕ್ಸ್‌ರೇ ತೆಗೆದರು. ಬಿಳಿಯ ಗುಂಡು, ಬಟ್ಟಲು, ತೊಡೆಮೂಳೆಯೊಳಗೆ ಇಳಿದ ಉದ್ದನೆಯ ಕಾಂಡ, ಎಲ್ಲವೂ ಇಟ್ಟಲ್ಲೇ ಇದ್ದವು. ಬಿಗಿ ಕಾಲುಚೀಲ ಸಾಕು ಎಂದರು. ತೊಂಬತ್ತು ಡಿಗ್ರಿಯ ನಿಯಮ ಇನ್ನೂ ಆರು ವಾರ ಇರಲಿ ಎಂದರು.

ಮರುದಿನ ಬೆಳಿಗ್ಗೆ ಮಗಳು ಕಳುಹಿಸಿದ್ದ ಸಾಧನವನ್ನು ಪೆಟ್ಟಿಗೆಯಿಂದ ತೆಗೆದೆ. ಅರೆಕೊಳವೆಯಂಥ ಒಂದು ಪ್ಲಾಸ್ಟಿಕ್ ಹಾಳೆ, ಅದಕ್ಕೆ ಎರಡು ಉದ್ದನೆಯ ಪಟ್ಟಿಗಳು. ಸಾಮಾನ್ಯ ಹತ್ತಿಯ ಕಾಲುಚೀಲವನ್ನು ಅದಕ್ಕೆ ತೊಡಿಸಿ, ನೆಲಕ್ಕೆ ಬಿಟ್ಟು, ಪಾದವನ್ನು ಒಳಗೆ ತೂರಿಸಿ ಪಟ್ಟಿಗಳನ್ನು ಎಳೆಯಬೇಕು. ಬಾಗಬೇಕಾಗಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಹೆಬ್ಬೆರಳು ಸಿಕ್ಕಿಕೊಂಡಿತು. ನಮ್ಮವರು ಎದುರಿನ ಕುರ್ಚಿಯಲ್ಲಿ ಕುಳಿತಿದ್ದರು, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು. ಪ್ರತಿ ಸಲ ಜಾರಿದಾಗಲೂ ಅವರ ಕೈ ಅರ್ಧ ಏಳುತ್ತಿತ್ತು, ಮತ್ತೆ ತಾನಾಗಿಯೇ ಕೆಳಗಿಳಿಯುತ್ತಿತ್ತು. ಹನ್ನೊಂದು ನಿಮಿಷಕ್ಕೆ ಕಾಲುಚೀಲ ಹಿಮ್ಮಡಿ ದಾಟಿ ಮೇಲೆ ಬಂತು. ಒಂದು ಸುಕ್ಕು ಉಳಿದಿತ್ತು. ಅವರು ಅದನ್ನು ನೋಡಿದರು, ನನ್ನ ಮುಖ ನೋಡಿದರು.

"ಅದನ್ನು ನೀವೇ ಸರಿಮಾಡಿ" ಎಂದೆ.